ಗೋಡೆಗೆ ಮುಖ ಮಾಡುವ ಗಿರಿಜಾ

ಬೆಳಕು ಹರಿಯುವ ಮೊದಲೇ ಉಪ್ಪುಂದದ ಹೆದ್ದಾರಿ ಬದಿಯ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಅರ್ಧ ಎದ್ದಿದೆ. ಒಳಗೆ ಗಿರಿಜಾ ಹಳೆಯ ಟ್ಯಾಬೊಂದರ ಚಾರ್ಜಿಂಗ್ ಪಿನ್ನಿಗೆ ಹಿಡಿದ ಉಪ್ಪನ್ನು ಬ್ರಶ್ಶಿನಿಂದ ಮೆಲ್ಲಗೆ ಕೆರೆಯುತ್ತಿದ್ದಾರೆ. ಎದುರಿನ ಸ್ಟೂಲಿನಲ್ಲಿ ಮೀನುಗಾರಿಕೆ ಬೋಟು ನಡೆಸುವ ತಾಂಡೇಲ ಭೋಜರಾಜ ಹೊಸ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಮಳೆಗಾಲದ ರಜೆ ಮುಗಿದಿದೆ. ಸಂಜೆ ಅವರ ಬೋಟು ಗಂಗೊಳ್ಳಿಯಿಂದ ಹೊರಡಬೇಕು.

ಆ ಹಳೆಯ ಟ್ಯಾಬಿನಲ್ಲಿರುವುದು ಮದುವೆಯ ಫೋಟೊಗಳಲ್ಲ. ನೀರಿನಡಿ ಕಲ್ಲು ಎಲ್ಲಿದೆ, ಮೀನು ಎಲ್ಲಿ ಕೂಡುತ್ತದೆ ಎಂದು ಭೋಜರಾಜ ವರ್ಷಗಟ್ಟಲೆ ಗುರುತು ಹಾಕಿದ ನಕ್ಷೆ. ಅದಿಲ್ಲದೆ ಹೋದರೆ ಬಲೆ ಕಲ್ಲಿನ ಪಾಲು. ಇಂಥ ಗುರುತನ್ನು ತಾಂಡೇಲರು ಒಡಹುಟ್ಟಿದವನಿಗೂ ತೋರಿಸುವುದಿಲ್ಲ. ಬೇರೆ ಬೋಟಿನವರಿಗೆ ಸಿಕ್ಕೀತೆಂದು ಟ್ಯಾಬಿಗೆ ಇಂಟರ್ನೆಟ್ಟನ್ನೇ ಹಾಕಿಸುವುದಿಲ್ಲ. ಗುಟ್ಟೇನೋ ಉಳಿಯುತ್ತದೆ, ಆದರೆ ಟ್ಯಾಬು ಕೆಟ್ಟ ದಿನ ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ. ಆಗ ನೆನಪಾಗುವವರು ಗಿರಿಜಾ.

ಮೊದಲು ಹೀಗಿರಲಿಲ್ಲ. ಕುಂದಾಪುರದ ಅಂಗಡಿಯೊಂದರಲ್ಲಿ ರೀಚಾರ್ಜ್ ಮಾಡಿಕೊಡುತ್ತ, ಪಕ್ಕದ ಮೇಜಿನ ರಿಪೇರಿ ನೋಡಿ ನೋಡಿ ಕೆಲಸ ಕಲಿತವರು ಅವರು. ಗಂಡ ರಾಜೀವ ಇನ್ನೊಂದು ಬೋಟಿನ ತಾಂಡೇಲ. ಸ್ವಂತ ಅಂಗಡಿ ತೆರೆದಾಗ, ರಾಜೀವನ ಹೆಂಡತಿಗೆ ಟ್ಯಾಬು ಕೊಡುವುದೂ ಬೆಕ್ಕನ್ನು ಮೀನು ಕಾಯಲು ಕೂರಿಸುವುದೂ ಒಂದೇ ಎಂದು ಬಂದರಿನಲ್ಲಿ ನಕ್ಕವರೇ ಹೆಚ್ಚು. ಮೊಬೈಲ್ ಕವರು ಮಾರಿಕೊಂಡು ದಿನ ದೂಡಿದ ಗಿರಿಜಾ ಒಂದು ಕ್ರಮ ಮಾಡಿಕೊಂಡರು. ಕೆಲಸ ತಾಂಡೇಲರ ಕಣ್ಣೆದುರೇ ನಡೆಯಬೇಕು. ಫೈಲನ್ನು ತೆರೆಯದೆ ಹಾಗೇ ದಾಟಿಸಬೇಕು. ನಕ್ಷೆ ಸರಿ ಬಂದಿದೆಯೇ ಎಂದು ಅವರೇ ನೋಡಿಕೊಳ್ಳಬೇಕು, ಅಷ್ಟು ಹೊತ್ತು ಇವರ ಮುಖ ಗೋಡೆಗೆ. ಈಗ ರಜೆ ಮುಗಿಯುವ ವಾರದಲ್ಲಿ ದಿನಕ್ಕೆ ನಾಲ್ಕೈದು ಟ್ಯಾಬು ಬರುತ್ತವೆ.

“ಕಂಡ್ರೆ ಅಲ್ದಾ ಹೇಳುಕೆ ಮನ್ಸ್ ಬಪ್ಪುದ್? ಕಾಂಬುದೇ ಬ್ಯಾಡ ಅಂದ್ಕಂಡೆ,” ಎನ್ನುತ್ತಾರೆ.

ಹೋದ ವರ್ಷ ಗಂಡನ ಬೋಟಿನ ಬಲೆಯೇ ಕಲ್ಲಿಗೆ ಸಿಕ್ಕಿ ಚಿಂದಿಯಾಯಿತು. ಆ ಕಲ್ಲಿನ ಗುರುತು ಬೇರೆಯವರ ಟ್ಯಾಬಿನಲ್ಲಿ ನಿನ್ನ ಕೈಯಿಂದಲೇ ದಾಟಿ ಹೋಗಿರಬೇಕಲ್ಲ, ನೋಡಿ ಹೇಳಬಾರದಿತ್ತೇ ಎಂದು ರಾಜೀವ ಮಾತು ಬಿಟ್ಟಿದ್ದರಂತೆ. ಗಿರಿಜಾರಿಗೆ ಊಟ ಸೇರಲಿಲ್ಲ. ಕ್ರಮ ಮಾತ್ರ ಬಿಡಲಿಲ್ಲ.

ಪಿನ್ನು ಶುದ್ಧವಾಗಿ ಟ್ಯಾಬು ಬೆಳಗುತ್ತದೆ, ಆದರೆ ಬೆರಳಿಗೆ ಜಪ್ಪಯ್ಯ ಎನ್ನುವುದಿಲ್ಲ. ಭೋಜರಾಜರ ಮುಖ ಸಣ್ಣದಾಗುತ್ತದೆ. ಗಿರಿಜಾ ಗಿಡ್ಡ ವೈರೊಂದನ್ನು ಸಿಕ್ಕಿಸಿ ಅದಕ್ಕೆ ಕಂಪ್ಯೂಟರಿನ ಮೌಸ್ ಜೋಡಿಸುತ್ತಾರೆ. ಪರದೆಯ ಮೇಲೆ ಬಾಣ ಓಡುತ್ತದೆ. ಫೈಲು ಮೆಮೊರಿ ಕಾರ್ಡಿಗಿಳಿದು, ಅಲ್ಲಿಂದ ಹೊಸ ಟ್ಯಾಬು ಸೇರುತ್ತದೆ. ಅದನ್ನು ಭೋಜರಾಜರ ಕೈಗಿತ್ತು ಗಿರಿಜಾ ಗೋಡೆಗೆ ತಿರುಗುತ್ತಾರೆ.

ಬೆನ್ನ ಹಿಂದೆ ಭೋಜರಾಜ ಗುರುತುಗಳನ್ನು ಒಂದೊಂದಾಗಿ ನೋಡಿಕೊಳ್ಳುತ್ತಾರೆ. ಆಮೇಲೆ ನಗು ಕೇಳುತ್ತದೆ.

“ಎಲ್ಲ ಬಂದಿತ್ತ್ ಗಿರ್ಜಾ. ಒಂದೂ ತಪ್ಪಲಿಲ್ಲೆ.”

ಗಿರಿಜಾ ಗೆದ್ದರು. ಎಷ್ಟು ಟ್ಯಾಬು ದಾಟಿಸಿದರೂ ಈ ಮಾತು ಕೇಳಿದಾಗ ಅವರ ಮುಖ ಹೊಸದಾಗಿ ಅರಳುತ್ತದೆ.

ಹೊರಟ ಭೋಜರಾಜ ಮೆಟ್ಟಿಲಲ್ಲಿ ನಿಲ್ಲುತ್ತಾರೆ. ಹೋದ ವರ್ಷ ರಾಜೀವನ ಬಲೆಗೆ ಸಿಕ್ಕಿದ್ದು ಒಂದು ಕಲ್ಲು ಮಾತ್ರ, ಅದರ ಆಚೆ ಇನ್ನೂ ಸಾಲು ಕಲ್ಲುಗಳಿವೆ ಎನ್ನುತ್ತಾರೆ.

“ನಾನ್ ಯಾರಿಗೂ ಗುರ್ತ್ ಕೊಟ್ಟವ ಅಲ್ಲ. ನಿನ್ ಗಂಡಂಗೆ ಕೊಡ್ತೆ. ಇಲ್ ಕಾಣ್,” ಎಂದು ಟ್ಯಾಬನ್ನು ಅವರತ್ತ ಹಿಡಿಯುತ್ತಾರೆ.

ಗಿರಿಜಾರ ಕಣ್ಣು ತುಂಬುತ್ತದೆ. ಟ್ಯಾಬನ್ನು ಮೆಲ್ಲಗೆ ಅವರ ಕಡೆಗೇ ತಿರುಗಿಸುತ್ತಾರೆ.

“ಅವ್ರ್ ಗಂಗೊಳ್ಳಿಯಲ್ಲೇ ಇದ್ರ್, ಭೋಜಣ್ಣ. ಅವ್ರಿಗೇ ತೋರ್ಸಿ. ನಂಗ್ ಬ್ಯಾಡ.”