ಟ್ರಂಕಿನ್ಯಾಗ ಒಂದು ಕಾಗದ ಅದ

ಚಳಿಗಾಲದ ಮೊದಲ ಬೆಳಗು ನಮ್ಮ ಶಾಲೆಗೆ ಡಾಂಬರು ಗುಳಿಗೆಯ ವಾಸನೆಯಾಗಿ ಬರುತ್ತದೆ. ವರ್ಷವಿಡೀ ಟ್ರಂಕಿನ ತಳದಲ್ಲಿ ಬಿದ್ದಿದ್ದ ಸ್ವೆಟರುಗಳನ್ನು ಊರಿನ ತಾಯಂದಿರೆಲ್ಲ ಮಾತಾಡಿಕೊಂಡವರಂತೆ ಒಂದೇ ದಿನ ಹೊರತೆಗೆಯುತ್ತಾರೆ. ಐದನೆಯ ತರಗತಿಯ ಬಾಗಿಲು ದಾಟುತ್ತಲೇ ಆ ವಾಸನೆ ಮೂಗಿಗೆ ಬಡಿಯುತ್ತದೆ. ಈ ಸಲವೂ ಹಾಗೇ ಆಯಿತು. ಹೊರಗೆ ಜಹೀರಾಬಾದಿನ ಹೆದ್ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಗಡಗಡಿಸುತ್ತ ಹೋಗುತ್ತಿದ್ದವು. ಆ ದಿನ ನಾನು ಕಲಿಸಬೇಕಾಗಿದ್ದ ಇಂಗ್ಲಿಷ್ ಪಾಠ ‘ದೇರ್ ಈಸ್, ದೇರ್ ಆರ್’. ಇಷ್ಟು ವರ್ಷದಲ್ಲಿ ಎಷ್ಟು ಸಲ ಕಲಿಸಿದ್ದೇನೋ ಆ ಪಾಠವನ್ನು! ಆದರೆ ಆ ವಾಸನೆ, ಆ ಪಾಠ ಎರಡೂ ಒಂದೇ ಬೆಳಗಿಗೆ ಕೂಡಿ ಬಂದದ್ದು ಇದೇ ಮೊದಲು. ಹಲಗೆಯ ಮೇಲೆ ಎರಡು ಪದ ಬರೆದೆ, ಕೈ ಅಲ್ಲೇ ನಿಂತುಬಿಟ್ಟಿತು. ಮನೆಯಲ್ಲಿರುವ ವಸ್ತುಗಳ ಮೇಲೆ ಐದೈದು ವಾಕ್ಯ ಬರೆಯಿರಿ ಎಂದು ಮಕ್ಕಳಿಗೆ ಹೇಳಿ ಕುರ್ಚಿಯಲ್ಲಿ ಕೂತೆ. ಐವತ್ತು ದಾಟಿದ ಟೀಚರು ಬೆಳಗಿನ ಮೊದಲ ಪಿರಿಯಡ್ಡಿನಲ್ಲೇ ಕಣ್ಣೊರೆಸಿಕೊಂಡರೆ ಮಕ್ಕಳು ಏನು ತಿಳಿದುಕೊಂಡಾರು, ಹೇಳಿ.

ನಾನು ಬೆಳೆದದ್ದು ನಾರಾಯಣಖೇಡದಲ್ಲಿ, ನನ್ನ ಮುತ್ಯಾನ, ಅಂದರೆ ಅಪ್ಪನ ಅಪ್ಪನ ಮನೆಯಲ್ಲಿ. ಅಪ್ಪ ತಾಂಡೂರಿನ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿನ ಬಿಳಿ ಧೂಳಿಗೆ ನನಗೆ ಉಬ್ಬಸ ಹತ್ತುತ್ತದೆಂದು ಆರು ವರ್ಷದವಳನ್ನು ತಂದು ಮುತ್ಯಾನ ಬಳಿ ಬಿಟ್ಟಿದ್ದರು. ಅಪ್ಪ ಕಳಿಸಿದ ಕಲ್ಲುಗಳನ್ನೇ ಆ ಮನೆಯ ಪಡಸಾಲೆಗೆ ಹಾಸಿತ್ತು. ಬೇಸಿಗೆಯಲ್ಲಿ ಅವುಗಳ ಮೇಲೆ ಹೊಟ್ಟೆ ಹಚ್ಚಿ ಮಲಗಿದರೆ ಎದ್ದೇಳಲು ಮನಸ್ಸಾಗುತ್ತಿರಲಿಲ್ಲ. ಮನೆಯಲ್ಲಿದ್ದವರು ಮೂರೇ ಜನ: ಮುತ್ಯಾ, ಅಪ್ಪನ ತಂಗಿ ಶಾಂತತ್ತಿ, ನಾನು. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಮುತ್ಯಾ ನಿಜಾಮರ ಕಾಲದಲ್ಲಿ ಉರ್ದು ಓದಿ, ತಹಸೀಲ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಇಂಗ್ಲಿಷಿನ ಒಂದಕ್ಷರವೂ ಅವನಿಗೆ ಬರುತ್ತಿರಲಿಲ್ಲ. ಬರುವುದಿಲ್ಲವೆಂಬ ಕಾರಣಕ್ಕೇ ಅದರ ಮೇಲೆ ಅವನಿಗೆ ವಿಪರೀತ ಗೌರವ. ದಿನಾ ಸಂಜೆ ಹೊರಗಿನ ಕಟ್ಟೆಯ ಮೇಲೆ ಕೂತು ನನ್ನಿಂದ ನೋಟುಬುಕ್ಕು ಓದಿಸುತ್ತಿದ್ದ. ಮೊದಲು ಇಂಗ್ಲಿಷಿನಲ್ಲಿ ಓದಬೇಕು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಬೇಕು. ಪ್ರತಿ ವಾಕ್ಯಕ್ಕೂ ಕಣ್ಣು ಮುಚ್ಚಿಕೊಂಡು ‘ಭೇಷ್’ ಎನ್ನುತ್ತಿದ್ದ. ದಾರಿಯಲ್ಲಿ ಹೋಗುವವರು ನಿಂತು ಕೇಳಿದರಂತೂ ಅವನ ಎದೆ ಒಂದು ಗೇಣು ಉಬ್ಬುತ್ತಿತ್ತು.

ನೋಟುಬುಕ್ಕು ಬರೆಸುತ್ತಿದ್ದವಳು ಶಾಂತತ್ತಿ. ಇಪ್ಪತ್ತಾರು ವರ್ಷ, ಇಂಟರ್ ಪಾಸಾಗಿದ್ದಳು. ಬಂದ ಸಂಬಂಧಗಳು ಒಂದಿಲ್ಲೊಂದು ಕಾರಣಕ್ಕೆ ಮುರಿದುಹೋಗಿದ್ದವು. ತೆಳ್ಳಗೆ, ಎತ್ತರಕ್ಕಿದ್ದಳು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಕಲಿಸುವ ಹೊತ್ತಿನಲ್ಲಿ ಮಾತ್ರ ಎಲ್ಲಿಲ್ಲದ ಗಟ್ಟಿತನ ಬರುತ್ತಿತ್ತು. ಗೈಡಿನಲ್ಲಿದ್ದ ‘ಕಾಡಿನಲ್ಲಿ ಒಂದು ಸಿಂಹ ಇದೆ’ ಎಂಬ ವಾಕ್ಯವನ್ನು ನಾನು ಇಳಿಸಿಕೊಂಡು ತೋರಿಸಿದರೆ, ನೀನು ಹೋಗಿ ನೋಡಿ ಬಂದೆಯಾ ಎಂದು ಕೇಳಿ ಅಡ್ಡಗೆರೆ ಎಳೆದುಬಿಟ್ಟಳು. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕು, ಅದು ಅವಳ ಕಟ್ಟಳೆ. ಅಂಗಡಿಯಿಂದ ಬೆಲ್ಲ ಕಟ್ಟಿಕೊಟ್ಟ ಇಂಗ್ಲಿಷ್ ಪೇಪರನ್ನು ಬಿಡಿಸಿ, ಅಂಟನ್ನು ಒರೆಸಿ, ಅದರೊಳಗೆ ‘ದೇರ್ ಈಸ್’ ಎಲ್ಲೆಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಒಂದು ಊರಿನಲ್ಲಿ ನೀರಿಲ್ಲ, ಒಂದು ಸೇತುವೆಯಲ್ಲಿ ಬಿರುಕಿದೆ, ಒಂದು ಆಸ್ಪತ್ರೆಯಲ್ಲಿ ತರಬೇತಿಗೆ ಇಷ್ಟು ಸೀಟುಗಳಿವೆ. ಅದೇ ವಾಕ್ಯ, ಆದರೆ ಯಾರಿಗೋ ಬೇಕಾದ ಸುದ್ದಿ. ಆ ದಿನ ಅವಳು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಇಲ್ಲಿ ಒಂದು ಬಾವಿ ಅದ ಅಂತ ಯಾಕ ಬರೀತಾರ? ಕಂಡವರಿಗಲ್ಲ. ಕಾಣದವರಿಗಿ ತಿಳೀಲಿ ಅಂತ.”

ಆಸ್ಪತ್ರೆಯ ಸೀಟುಗಳ ಆ ತುಂಡನ್ನು ಅವಳು ಕತ್ತರಿಸಿ ಇಟ್ಟುಕೊಂಡಿದ್ದಳು ಎನ್ನುವುದು ನನಗೆ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಶಾಂತತ್ತಿಗೆ ನರ್ಸ್ ಆಗುವ ಆಸೆ. ಹಿಂದೊಮ್ಮೆ ಬಾಯಿ ಬಿಟ್ಟು ಕೇಳಿದ್ದಳಂತೆ. ನಮ್ಮ ಮನೆಯ ಹೆಣ್ಣುಮಗಳು ಕಂಡವರ ಮೈ ತೊಳೆಯಲು ಹೋಗುವುದಿಲ್ಲ ಎಂದು ಮುತ್ಯಾ ಹೇಳಿ, ಕೈ ತೊಳೆದುಕೊಂಡು ಊಟದಿಂದ ಎದ್ದಿದ್ದನಂತೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ತಾಂಡೂರಿಗೆ ಅಣ್ಣನನ್ನು ನೋಡಿಬರುವ ನೆಪದಲ್ಲಿ ಹೋಗಿ ನರ್ಸ್ ತರಬೇತಿಗೆ ಅರ್ಜಿ ಹಾಕಿ ಬಂದಿದ್ದಳು. ಇದೆಲ್ಲ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಆಗ ಕಂಡದ್ದು ಇಷ್ಟೇ: ಒಂದು ದಿನ ಮಧ್ಯಾಹ್ನ ಮುತ್ಯಾ ಕಂಗ್ಟಿಯ ಕಡೆ ಹೊಲ ನೋಡಲು ಹೋಗಿದ್ದಾಗ ಅಂಚೆಯವನು ಬಂದು ಉದ್ದನೆಯ ಲಕೋಟೆ ಕೊಟ್ಟ. ಅವಳು ನಿಂತಲ್ಲೇ ಓದಿದಳು. ಒಳಗೆ ಹೋಗಿ ಹೊರಸಿನ ಕೆಳಗಿನ ನೀಲಿ ಟ್ರಂಕು ಎಳೆದು, ತೀರಿಕೊಂಡ ಅಜ್ಜಿಯ ರೇಷ್ಮೆ ಸೀರೆಯ ಅಡಿಯಲ್ಲಿ ಅದನ್ನಿಟ್ಟಳು. ಆಮೇಲಿನ ದಿನಗಳಲ್ಲಿ ಸುಮ್ಮಸುಮ್ಮನೆ ಟ್ರಂಕು ತೆರೆಯುತ್ತಿದ್ದಳು. ತೆರೆದಾಗಲೆಲ್ಲ ಡಾಂಬರು ಗುಳಿಗೆಯ ವಾಸನೆ ಮನೆ ತುಂಬುತ್ತಿತ್ತು. ಓದಿ, ಮಡಚಿ, ಮತ್ತೆ ಇಡುತ್ತಿದ್ದಳು. ಆ ವಾರ ಅವಳು ಹಾಡು ಗುನುಗುತ್ತಿದ್ದದ್ದೂ ನೆನಪಿದೆ.

ದಿನಕ್ಕೆ ಹತ್ತು ವಾಕ್ಯ ಬರೆಯಬೇಕಿತ್ತು. ಕಂಡದ್ದನ್ನಷ್ಟೇ ಎಂದರೆ ಆ ಪುಟ್ಟ ಮನೆಯಲ್ಲಿ ಇರುವುದಾದರೂ ಎಷ್ಟು! ಬೀಸುವ ಕಲ್ಲು ಮುಗಿದಿತ್ತು, ಜೋಳದ ಚೀಲ ಮುಗಿದಿತ್ತು, ಮುತ್ಯಾನ ಕೋಲು, ಟೋಪಿ, ಚಷ್ಮಾ ಎಲ್ಲ ಮುಗಿದಿದ್ದವು. ಅವತ್ತು ನಾನು ಬರೆದೆ: ‘ದೇರ್ ಈಸ್ ಎ ಟ್ರಂಕ್ ಅಂಡರ್ ದಿ ಕಾಟ್. ದೇರ್ ಈಸ್ ಎ ಲೆಟರ್ ಇನ್ ದಿ ಟ್ರಂಕ್.’ ಒಂಬತ್ತು ವರ್ಷದ ಹುಡುಗಿಗೆ ಎರಡು ವಾಕ್ಯ ಸಿಕ್ಕ ಸಂತೋಷ, ಅಷ್ಟೇ. ನೋಟುಬುಕ್ಕನ್ನು ಯಾವಾಗಿನಂತೆ ಅಡುಗೆಮನೆಯ ಗೂಡಿನಲ್ಲಿಟ್ಟು ಆಡಲು ಓಡಿದೆ.

ಸಂಜೆ ಮುತ್ಯಾ ಕಟ್ಟೆಯ ಮೇಲೆ ಕೂತ. ಒಳಗೆ ಶಾಂತತ್ತಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈಯ ಪಟಪಟ ಸದ್ದು ಇಡೀ ಓಣಿಗೆ ಕೇಳುತ್ತಿತ್ತು. ಆ ಸದ್ದಿನ ಜೊತೆಗೇ ನಾನು ಓದುತ್ತಿದ್ದೆ, ಮುತ್ಯಾ ಭೇಷ್ ಎನ್ನುತ್ತಿದ್ದ. ಏಳನೆಯದೋ ಎಂಟನೆಯದೋ ವಾಕ್ಯ. ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದೆ: “ಟ್ರಂಕಿನ್ಯಾಗ ಒಂದು ಕಾಗದ ಅದ.” ಒಳಗೆ ರೊಟ್ಟಿಯ ಸದ್ದು ನಿಂತಿತು. ಮುತ್ಯಾ ಕಣ್ಣು ತೆರೆದ. ಬಾಗಿಲ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಎದುರಿನ ಗೋಡೆ ನೋಡುತ್ತ ಹೇಳಿದ, “ಮುಂದಿಂದು ಓದು.” ನಾನು ಓದಿದೆ. ಮುಂದಿನದು ಗೋಡೆಯ ಮೇಲಿನ ಎರಡು ಬೆಕ್ಕುಗಳ ಬಗ್ಗೆ ಇತ್ತು. ಅವನು ಭೇಷ್ ಅನ್ನಲಿಲ್ಲ. ಒಳಗೆ ಬಹಳ ಹೊತ್ತಿನ ಮೇಲೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು, ನಿಧಾನಕ್ಕೆ.

ಯಾರೂ ಯಾರನ್ನೂ ಬೈಯಲಿಲ್ಲ. ಯಾರೂ ಟ್ರಂಕು ತೆರೆಸಲಿಲ್ಲ, ಕಾಗದ ಹರಿಯಲಿಲ್ಲ. ಮರುದಿನದಿಂದ ಮುತ್ಯಾ ನನ್ನಿಂದ ಓದಿಸುವುದನ್ನು ಬಿಟ್ಟ. ಕಿವಿ ಮಂದವಾಗಿದೆ ಎಂದ. ಅವನ ಕಿವಿಗೆ ಎಂಥ ಧಾಡಿಯೂ ಇರಲಿಲ್ಲ. ಕೆಲವು ದಿನ ಕಳೆದ ಮೇಲೆ ಶಾಂತತ್ತಿ ಟ್ರಂಕು ತೆರೆಯುವುದೂ ನಿಂತಿತು, ಗುನುಗುವುದೂ ನಿಂತಿತು. ಅವಳು ಎಲ್ಲಿಗೂ ಹೋಗಲಿಲ್ಲ. ಮುತ್ಯಾ ಬದುಕಿದ್ದಷ್ಟು ವರ್ಷ ಅವನಿಗೆ ರೊಟ್ಟಿ ಬಡಿದಳು, ಹಾಸಿಗೆ ಹಿಡಿದಾಗ ಅವನ ಮೈ ತೊಳೆದಳು. ಓಣಿಯ ಹೆಣ್ಣುಮಕ್ಕಳಿಗೆಲ್ಲ ಇಂಗ್ಲಿಷ್ ಹೇಳಿಕೊಟ್ಟಳು. ನನ್ನನ್ನು ಟೀಚರ್ ಮಾಡಿದವಳೂ ಅವಳೇ. ನಾನು ಮಾತ್ರ ಬುದ್ಧಿ ಬಂದಾಗಿನಿಂದ ಒಂದೇ ಮಾತನ್ನು ಎದೆಯಲ್ಲಿಟ್ಟುಕೊಂಡು ಬೆಂದೆ. ಅತ್ತಿಯ ಗುಟ್ಟನ್ನು ಬೀದಿಯ ಕಟ್ಟೆಯ ಮೇಲೆ ಕೂತು ಬಯಲು ಮಾಡಿದವಳು ನಾನು. ಆ ಒಂದು ವಾಕ್ಯ ಬರೆಯದಿದ್ದರೆ ಅವಳು ಯಾವುದಾದರೂ ಬೆಳಗಿನ ಬಸ್ಸು ಹತ್ತಿ ಹೋಗಿಬಿಡುತ್ತಿದ್ದಳು ಎಂದುಕೊಂಡೇ ಮೂವತ್ತು ವರ್ಷ ಕಳೆದೆ. ಕೇಳುವ ಧೈರ್ಯ ಬರಲಿಲ್ಲ.

ಕೊನೆಯ ದಿನಗಳಲ್ಲಿ ಅವಳು ಇಲ್ಲೇ ಜಹೀರಾಬಾದಿನಲ್ಲಿ, ನನ್ನ ಬಳಿ ಇದ್ದಳು. ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ನರ್ಸು ಬಂದು ಸಲೈನಿನ ಸೂಜಿ ಸರಿಮಾಡಿ ಹೋದಳು. ಶಾಂತತ್ತಿ ಆ ಹುಡುಗಿಯ ಕೈಗಳನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅವತ್ತು ನಾ ಅದನ್ನ ಬರೀಬಾರದಿತ್ತು ಅತ್ತಿ ಎಂದು ಅತ್ತುಬಿಟ್ಟೆ. ಅವಳಿಗೆ ಯಾವುದೆಂದು ಕೇಳಬೇಕಾಗಲೇ ಇಲ್ಲ.

“ಹುಚ್ಚಿ, ಮುತ್ಯಾನ ಮುಂದ ಓದೂಕಿಂತ ಮೊದ್ಲ ನಿನ್ನ ನೋಟ್‌ಬುಕ್ ತಿದ್ದತಿದ್ದವರು ಯಾರು?”

ಹೌದಲ್ಲ. ದಿನಾ ಮಧ್ಯಾಹ್ನ ಗೂಡಿನಿಂದ ನೋಟುಬುಕ್ಕು ತೆಗೆದು ಅವಳು ತಿದ್ದುತ್ತಿದ್ದಳು. ಕೆಂಪು ಶಾಯಿಯ ಗುರುತಿಲ್ಲದ ಒಂದು ವಾಕ್ಯವನ್ನೂ ನಾನು ಮುತ್ಯಾನ ಮುಂದೆ ಓದಿದವಳಲ್ಲ. ಆ ವಾಕ್ಯದ ಪಕ್ಕದಲ್ಲೂ ಸರಿ ಎಂಬ ಗುರುತು ಇತ್ತು. ಮೂವತ್ತು ವರ್ಷ ಅದು ನನ್ನ ಕಣ್ಣಿಗೆ ಕಟ್ಟಿದಂತೇ ಇದ್ದರೂ ತಲೆಗೆ ಹೋಗಿರಲಿಲ್ಲ.

“ಆ ಸಾಲು ಹೊಡದ್ಹಾಕಬಹುದಿತ್ತು,” ಎಂದಳು. “ಬಿಟ್ಟೆ. ನನಗ ಬಾಯಿ ಬರಲಿಲ್ಲ, ನಿನಗ ಬಂದಿತ್ತು. ಕೇಳಿ ಅಪ್ಪ ಒಂದ್ಮಾತು ಕೇಳ್ತಾನ ಅನಕೊಂಡಿದ್ದೆ. ಯಾರ ಕಾಗದ ಅಂತ.”

ಆ ನರ್ಸು ಹೋದ ಬಾಗಿಲ ಕಡೆ ನೋಡುತ್ತ ಹೇಳಿದಳು, “ಕೇಳಿದ್ರ ಹೇಳ್ತಿದ್ದೆ.”

ಅದಾಗಿ ಹೆಚ್ಚು ದಿನ ಅವಳು ಉಳಿಯಲಿಲ್ಲ. ನನ್ನ ತಪ್ಪಿನ ಹೊರೆ ಇಳಿಯಿತು, ನಿಜ. ಆದರೆ ಅದಿದ್ದ ಜಾಗದಲ್ಲಿ ಬಂದು ಕೂತದ್ದು ಅದಕ್ಕಿಂತ ಭಾರವಾಗಿದೆ. ನಾರಾಯಣಖೇಡದ ಮನೆ ಈಗ ಇಲ್ಲ. ಕಟ್ಟೆ ಒಡೆದು ಶಟರಿನ ಅಂಗಡಿಗಳನ್ನು ಕಟ್ಟಿದ್ದಾರೆ. ತಾಂಡೂರಿನ ಆ ತಣ್ಣನೆಯ ಕಲ್ಲುಗಳು ಯಾರ ಅಂಗಳಕ್ಕೆ ಹೋದವೋ ತಿಳಿಯದು. ನಿಮ್ಮಲ್ಲಿಯೂ ಅಂಥದೊಂದು ಕಟ್ಟೆ ಇದ್ದಿರಬಹುದು. ಅದರ ಮೇಲೆ ಕೂತವರು ಎದುರಿನ ಗೋಡೆ ನೋಡಿದ ಒಂದು ಸಂಜೆಯೂ ಇದ್ದಿರಬಹುದು. ಮುತ್ಯಾನ ಮೇಲೆ ನನಗೆ ಸಿಟ್ಟಿದೆ, ಅವನನ್ನು ನೆನೆದರೆ ಅಳುವೂ ಬರುತ್ತದೆ. ಎರಡನ್ನೂ ಇಟ್ಟುಕೊಂಡಿದ್ದೇನೆ.

ಆ ಚಳಿಯ ಬೆಳಗಿನಲ್ಲಿ ಮಕ್ಕಳು ಬರೆದು ಮುಗಿಸಿದರು. ಒಬ್ಬೊಬ್ಬರಾಗಿ ಎದ್ದು ಓದತೊಡಗಿದರು. ಟಿವಿ, ಫ್ರಿಜ್ಜು, ಎರಡು ಮೊಬೈಲು, ಒಂದು ಆಡು. ಮೂರನೆಯ ಸಾಲಿನ ಹುಡುಗಿ, ಮೊಣಕೈಯ ತನಕ ಮಡಚಿದ ದೊಡ್ಡ ಸ್ವೆಟರಿನವಳು, ಓದಿದಳು: ‘ದೇರ್ ಈಸ್ ಎ ಬ್ಯಾಗ್ ಬಿಹೈಂಡ್ ದಿ ಡೋರ್.’ ಓದಿ ಕೂತಳು. ಮುಂದಿನ ಹುಡುಗ ಆಗಲೇ ಎದ್ದು ನಿಂತಿದ್ದ. ಅವನಿಗೆ ಕೂತಿರಲು ಹೇಳಿ, ಆ ಹುಡುಗಿಯ ಬಳಿ ಹೋದೆ.

“ಯಾರ ಬ್ಯಾಗ್ ಅದವ್ವಾ?”

ಅವಳು ಮೊದಲು ಸ್ವೆಟರಿನ ತೋಳು ಎಳೆದುಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು, “ನಮ್ಮ ಅವ್ವಂದು ಟೀಚರ್. ಸೀರಿ ಹೊರಗ ತಗೀತಾಳ, ಮತ್ತ ತುಂಬಿ ಇಡ್ತಾಳ.”

ಬೆಂಚಿನಲ್ಲಿ ಅವಳ ಪಕ್ಕ ಸರಿದು ಕೂತೆ. ನನ್ನ ಕಿವಿಯಲ್ಲಿ, ಆ ಸಂಜೆ ನಿಂತ ರೊಟ್ಟಿಯ ಸದ್ದು ಇನ್ನೂ ಶುರುವಾಗಿರಲಿಲ್ಲ.