ಯಾರೂ ತಳ್ಳದ ಉಯ್ಯಾಲೆ

ಕಂಪ್ಯೂಟರ್ ಪರದೆಯ ಮೇಲೆ ಚೆಂಡು ಚೆಂಡಿನಂತೆಯೇ ಬೀಳಬೇಕು, ಬಟ್ಟೆ ಬಟ್ಟೆಯಂತೆಯೇ ಹಾರಬೇಕು ಎಂದು ಹಟ ಹಿಡಿದು ಕೋಡ್ ಬರೆಯಲು ಕಲಿತವರ ನಡುವೆ 'ಗುರುತ್ವ ಮೇಡಂ' ಎಂದರೆ ಸಾಕು, ಬೇರೆ ಹೆಸರು ಬೇಕಿಲ್ಲ. ಅವರ ನಿವೃತ್ತಿಗಾಗಿ ಹೊರತಂದ ಈ ಸಂಪುಟದಲ್ಲಿ ಹೊಗಳಿಕೆಯ ಹೊಳೆಯೇ ಹರಿದಿದೆ. ಹರಿಸಿದವರಲ್ಲಿ ಅವರ ತರಗತಿಯ ಬಾಗಿಲು ಮುಚ್ಚಿದವರೂ ಇದ್ದಾರೆ!

ಸೇವೆಗೆ ಸೇರಿದ ಹೊಸದರಲ್ಲೇ ಅವರು ವಿದ್ಯಾರ್ಥಿಗಳನ್ನು ಮೈದಾನಕ್ಕೆ ಕರೆದೊಯ್ದು ಕಲ್ಲು, ಹಗ್ಗ, ಒದ್ದೆ ಬಟ್ಟೆ ಎಲ್ಲವನ್ನೂ ಎಸೆಯಲು ಹಚ್ಚಿದರು. "ಮೊದಲು ನೋಡ್ರಪ್ಪಾ, ಆಮೇಲೆ ಬರೀರಿ." ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗಾಗಿ ಭಾನುವಾರವೂ ಲ್ಯಾಬಿನ ಬೀಗ ತೆಗೆಸಿ, ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತ ಕೂರುತ್ತಿದ್ದರು.

ಕಳೆದ ವರ್ಷ ವಿದ್ಯಾರ್ಥಿಗಳ ಕೆಲಸದ ಪ್ರದರ್ಶನದ ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿಯ ಉಯ್ಯಾಲೆ ಪರದೆಯ ಮೇಲೆ ಲಕ್ಷಣವಾಗಿ ತೂಗುತ್ತಿತ್ತು. ಮೇಡಂಗೆ ಏನೋ ಕಸಿವಿಸಿ; ಕೋಡ್ ತೆರೆದರು. ಯಾರೂ ತಳ್ಳದಿದ್ದರೂ ಆ ಉಯ್ಯಾಲೆ ತೂಗಿದಷ್ಟೂ ಮೇಲೇರಲು ನೋಡುತ್ತಿತ್ತು. ಹುಡುಗಿ ಕಾರಣ ಹುಡುಕದೆ, 'ಇದಕ್ಕಿಂತ ಮೇಲೆ ಹೋಗಬೇಡ' ಎಂದು ಒಂದು ಸಾಲು ಬರೆದು ಅದರ ತಲೆ ಮೊಟಕಿದ್ದಳು. ಮೇಡಂ ಆ ಸಾಲು ಅಳಿಸಿದರು. ಉಯ್ಯಾಲೆ ಕಂಬ ದಾಟಿ ಗಿರಗಿರನೆ ತಿರುಗತೊಡಗಿತು.

ವಿಭಾಗದ ಮುಖ್ಯಸ್ಥರು ಓಡಿ ಬಂದರು. "ಮೇಡಂ, ಅತಿಥಿಗಳು ಗೇಟ್ ಹತ್ರ ಬಂದ್ಬಿಟ್ರು! ನೋಡೋಕೆ ಚೆನ್ನಾಗಿದ್ರೆ ಸಾಕಲ್ವಾ, ಯಾರು ಲೆಕ್ಕ ಕೇಳ್ತಾರೆ?"

"ಕಣ್ಣು ಕೇಳುತ್ತೆ ಸಾರ್. ಮೋಸ ಅಂತ ಅದಕ್ಕೆ ಗೊತ್ತಾಗುತ್ತೆ, ಬಾಯಿಲ್ಲ ಅಷ್ಟೆ."

"ಪರದೆ ಖಾಲಿ ಇದ್ರೆ ಮುಂದಿನ ವರ್ಷ ನಿಮ್ಮ ಕ್ಲಾಸೂ ಖಾಲಿ, ಹೇಳಿದೀನಿ!"

ಮೇಡಂ ಪ್ರೊಜೆಕ್ಟರ್ ಆರಿಸಿದರು. "ಅಳಬೇಡ ಮಗಳೇ, ಕೂತ್ಕೋ. ನೀನು ಮೊದಲು ಜಾಗ ಬದಲಾಯಿಸಿ ಆಮೇಲೆ ವೇಗ ಬದಲಾಯಿಸಿದೀಯ. ಹಳೇ ವೇಗದಲ್ಲೇ ಮುಂದೆ ಹೋಗಿ ಹೋಗಿ ಅದಕ್ಕೆ ಪುಕ್ಕಟೆ ಶಕ್ತಿ ಸಿಗ್ತಿದೆ. ಎರಡು ಸಾಲೂ ಅದಲುಬದಲು ಮಾಡು. ಗಾಳಿ ಉಯ್ಯಾಲೇನ ತಡೆಯೋದನ್ನೂ ಸೇರಿಸು."

ಅತಿಥಿಗಳು ಬಿಳಿ ಗೋಡೆ ನೋಡಿಕೊಂಡು ಹೋದರು. ಮಧ್ಯಾಹ್ನ ಉಯ್ಯಾಲೆ ತೂಗಿತು, ನಿಧಾನಕ್ಕೆ ಸೋತಿತು, ನಿಂತಿತು. ಹುಡುಗಿ ಕುಣಿದಾಡಿದಳು. ನೋಡಲು ಮುಖ್ಯಸ್ಥರು ಅಲ್ಲಿರಲಿಲ್ಲ. ಆದರೆ ಮಾತು ಮಾತ್ರ ಉಳಿಸಿಕೊಂಡರು. ಮೇಡಂ ತರಗತಿಯ ಜಾಗಕ್ಕೆ, ಗುಂಡಿ ಒತ್ತಿದರೆ ಎಲ್ಲವೂ ತಾನೇ ಕುಣಿಯುವ ಸಿದ್ಧ ಸಾಫ್ಟ್‌ವೇರಿನ ತರಬೇತಿ ಬಂತು. ಮೇಡಂಗೆ ಕೊನೆಯ ವರ್ಷ ಉಗ್ರಾಣದಲ್ಲಿ ಕೆಟ್ಟ ಕೀಬೋರ್ಡುಗಳಿಗೆ ಚೀಟಿ ಅಂಟಿಸುವ ಕೆಲಸ. ಅದೇ ಮುಖ್ಯಸ್ಥರು ಈ ಸಂಪುಟದ ಮುನ್ನುಡಿಯಲ್ಲಿ ಅವರನ್ನು 'ವಿಭಾಗದ ಕಣ್ಮಣಿ' ಎಂದಿದ್ದಾರೆ. ಕಣ್ಣಿಗೆ ಸುಣ್ಣ ಬಳಿದು ಕಣ್ಮಣಿ ಎನ್ನುವ ಜಾಣತನಕ್ಕೆ ನಾಚಿಕೆಯಾಗಬೇಕು.

ಗುರುತ್ವ ಮೇಡಂ ನೂರು ವರ್ಷ ಗಟ್ಟಿಯಾಗಿ, ಹೀಗೇ ಸಿಡುಕುತ್ತ ಬಾಳಲಿ. ಅವರ ಮನೆಯ ಊಟದ ಮೇಜಿನ ಸುತ್ತ ವಿದ್ಯಾರ್ಥಿಗಳಿಗೆ ಪಾಠ ಆಗಲೇ ಶುರುವಾಗಿದೆ. ಮೇಜು ತುಂಬಿರುವುದರಿಂದ ಅವರ ಯಜಮಾನರು ತಟ್ಟೆ ಹಿಡಿದು ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಾರೆ. ಮುಖ್ಯಸ್ಥರೇ, ನೀವು ಮೇಡಂ ತರಗತಿಯ ಕೊಠಡಿ ವಾಪಸು ಕೊಡುವವರೆಗೆ ಆ ಯಜಮಾನರಿಗೆ ಕೂರಲು ಜಾಗವಿಲ್ಲ.