ಕೆರಿಯಪ್ಪನ ಎಂಟು ದಿನದ ಡೇರೆ

ಗುಡ್ನಾಪುರದ ಕೆರಿಯಪ್ಪ ಶಿರಸಿಯ ಒಂದು ಸರ್ಕಾರಿ ಕಚೇರಿಯಲ್ಲಿ ಖಲಾಸಿಯಾಗಿದ್ದ. ಅಧಿಕಾರಿಗಳು ಹಳ್ಳಿಗಳಲ್ಲಿ ಕ್ಯಾಂಪು ಮಾಡುವಾಗ ಒಂದು ದಿನ ಮುಂಚೆ ಎತ್ತಿನ ಗಾಡಿಯೊಡನೆ ಹೋಗಿ ಡೇರೆ ಹೊಡೆಯುವುದು, ಅವರು ಹೊರಟ ಮೇಲೆ ಕಿತ್ತು ಮಡಚುವುದು, ಇಷ್ಟೇ ಅವನ ಕೆಲಸ. ಇಷ್ಟೇ ಎಂದರೂ ಅವನಂತೆ ಅದನ್ನು ಮಾಡುವವರು ಇನ್ನೊಬ್ಬರಿರಲಿಲ್ಲ. ನೆಲವನ್ನು ಹಿಮ್ಮಡಿಯಿಂದ ಎರಡು ಸಲ ಒದ್ದು ನೋಡಿ, ಗೂಟ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂದು ಹೇಳಿಬಿಡುತ್ತಿದ್ದ.

ದೀಪಾವಳಿ ಕಳೆದು ಮನೆ ಬಿಟ್ಟನೆಂದರೆ ಮೊದಲ ಮಳೆ ಬಿದ್ದ ಮೇಲೆಯೇ ಅವನು ತಿರುಗಿ ಬರುವುದು. ಇಂದು ತ್ಯಾಗಲಿ, ನಾಲ್ಕು ದಿನ ಬಿಟ್ಟು ಹೇರೂರು, ಆಮೇಲೆ ಯಲ್ಲಾಪುರದ ಕಾಡಂಚಿನ ಊರುಗಳು. ಹೆಂಡತಿ ಸಿದ್ದವ್ವ ಮದುವೆಯಾಗಿ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಗಂಡನ ಜೊತೆ ಒಂದು ಬೇಸಿಗೆಯನ್ನೂ ಕಳೆದವಳಲ್ಲ. ಹುಟ್ಟಿದ ಮಕ್ಕಳಲ್ಲಿ ಉಳಿದವಳು ಗೌರಿ ಒಬ್ಬಳೇ. ಆ ಹುಡುಗಿ ಚಿಕ್ಕವಳಿದ್ದಾಗ, ಮಳೆ ಬಂದರೆ ಅಪ್ಪ ಬರುತ್ತಾನೆ ಎಂದು ತಿಳಿದಿದ್ದಳು.

ಒಂದು ವರ್ಷ ನೆರೆಮನೆಯ ಮುರಿಗೆವ್ವ ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಿ ಬಂದು, ಓಣಿಯ ಹೆಂಗಸರಿಗೆಲ್ಲ ಸಮುದ್ರದ ವರ್ಣನೆ ಮಾಡಿದಳು. ಆ ಮಳೆಗಾಲದಲ್ಲಿ ಸಿದ್ದವ್ವ ಗಂಡನನ್ನು ಕೇಳಿದಳು.

"ಸಾಹೇಬರ ಹೆಂಡ್ತಿ ಮಕ್ಳು ಬಟ್ಟಿ ಮನ್ಯಾಗ ಎಂಟೆಂಟ್ ದಿನ ಇರ್ತಾರಂತಲ್ರಿ. ಅದನ್ನ ಕಟ್ಟವ್ರು ನೀವು. ನಮಗ ಅದರಾಗ ಕುಂದ್ರೂ ಯೋಗ ಇಲ್ಲೇನು?"

"ಕುಂದರ್ಸ್ತೀನಿ," ಎಂದ ಕೆರಿಯಪ್ಪ. "ಬರೇ ಡೇರೆದಾಗ ಅಲ್ಲ, ಸಮುದ್ರದ ದಂಡಿ ಮ್ಯಾಲ ಹೊಡದ ಡೇರೆದಾಗ. ಎಂಟ್ ದಿನ. ಮೂರೂ ಮಂದಿ."

ಆಡಿದ್ದು ಸುಲಭವಾಗಿತ್ತು. ಆದರೆ ಡೇರೆ ಹೊಡೆಯುವ ಕಾಲದಲ್ಲಿ ಖಲಾಸಿಗೆ ರಜೆಯಿಲ್ಲ. ರಜೆ ಸಿಗುವ ಮಳೆಗಾಲದಲ್ಲಿ ಸಮುದ್ರದ ದಂಡೆಯ ಮೇಲೆ ಯಾರೂ ಡೇರೆ ಹೊಡೆಯುವುದಿಲ್ಲ. ಹೀಗೆ ಆರು ವರ್ಷ ಕಳೆದವು. ಅಷ್ಟರಲ್ಲಿ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಗೌರಿಗೆ ಹಾನಗಲ್ಲಿನ ಕಡೆಯ ಸಂಬಂಧ ಕೂಡಿಬಂದು, ಐವತ್ತೊಂಬತ್ತರ ಯುಗಾದಿಯ ನಂತರ ಮದುವೆ ಎಂದು ನಿಶ್ಚಯವಾಯಿತು. ಮಗಳು ಕೊಟ್ಟ ಮನೆಗೆ ಹೋದ ಮೇಲೆ ಮೂರೂ ಜನ ಕೂಡಿ ಇರುವ ಎಂಟು ದಿನ ಎಲ್ಲಿಯದು? ಬರುವ ಮಾಘದಲ್ಲಿ ಆಗಬೇಕು, ಇಲ್ಲವಾದರೆ ಇಲ್ಲ.

ಕಚೇರಿಯಲ್ಲಿ ಹಳೆಯದೊಂದು ಡೇರೆಯನ್ನು ಕೆಲಸಕ್ಕೆ ಬಾರದೆಂದು ಹೊರಗೆ ಹಾಕಿದ್ದರು. ಕಾರಕೂನ ಶಾಂತಾರಾಮ ಹೆಗಡೆಯವರು ಸಾಹೇಬರ ಒಪ್ಪಿಗೆ ಪಡೆದು ಅದನ್ನು ಇವನಿಗೆ ಕೊಡಿಸಿದರು.

"ಎಂತಕ್ಕೆ ಕೆರಿಯಪ್ಪ ಇದು? ಬಟ್ಟೆಗಿಂತ ತೂತೇ ಜಾಸ್ತಿ ಮಾರಾಯ."

"ತೂತಿನಾಗಿಂದ ಗಾಳಿ ಬರ್ತೈತಿ ಬಿಡ್ರಿ. ಸಮುದ್ರದ ಗಾಳಿ."

ಮಳೆಗಾಲವೆಲ್ಲ ಅವನು ಕುಳಿತು ತೇಪೆ ಹಾಕಿದ. ನವರಾತ್ರಿಯ ಹೊತ್ತಿಗೆ ಅಂಗಳದಲ್ಲಿ ಡೇರೆಯನ್ನು ನಿಲ್ಲಿಸಿ, ಹೆಂಡತಿಗೆ ಕಂಬ ಹಿಡಿಯುವುದನ್ನೂ ಮಗಳಿಗೆ ಹಗ್ಗ ಬಿಗಿಯುವುದನ್ನೂ ಕಲಿಸತೊಡಗಿದ. ಮುರಿಗೆವ್ವ ಬೇಲಿಯ ಆಚೆಯಿಂದ ಇಣುಕಿದಳು.

"ಏನ್ ಕೆರಿಯಪ್ಪಾ, ಅಂಗಳದಾಗ ಸಂಸಾರ ಹೂಡೀ? ಸಿದ್ದವ್ವ ಹೊರಗ ಹಾಕಿದ್ಲೇನು?"

ಡೇರೆಯೊಳಗಿನಿಂದ ಸಿದ್ದವ್ವನ ದನಿ ಬಂತು. "ಹೊರಗ ಹಾಕಬೇಕಂದ್ರ ಮೊದ್ಲ ಒಳಗ ಇರಬೇಕಲ್ಲ! ಇವ್ರು ಮನ್ಯಾಗ ಇರೂದು ಯಾವಾಗ?"

ಗೌರಿ ನಗುತ್ತ ಹಗ್ಗ ಬಿಟ್ಟಳು. ಡೇರೆ ಕುಸಿದು ಅವ್ವನ ಮೇಲೆ ಬಿತ್ತು. ಆ ದಿನ ಮೂವರೂ ನಕ್ಕಷ್ಟು ಆ ಮನೆಯಲ್ಲಿ ಹಿಂದೆಂದೂ ನಕ್ಕಿರಲಿಲ್ಲ.

ಕುಮಟೆಯ ಬಸ್ಸಿನ ಡ್ರೈವರನೊಬ್ಬ, ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ, ಗೋಣಿಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ ಹುಗಿಯಬೇಕು ಎಂದು ಹೇಳಿದ್ದ. ಕೆರಿಯಪ್ಪ ಎಂಟು ಚೀಲಗಳನ್ನು ಹೊಲಿದಿಟ್ಟ. ಎಷ್ಟು ಖಡಕ್ ರೊಟ್ಟಿ, ಎಷ್ಟು ಶೇಂಗಾ ಚಟ್ನಿ, ಯಾರು ಎಲ್ಲಿ ಮಲಗುವುದು, ಎಲ್ಲವೂ ತೀರ್ಮಾನವಾಯಿತು. ಡೇರೆಯ ಬಾಯಿ ಸಮುದ್ರದ ಕಡೆಗೆ. ಬಾಗಿಲ ಬಳಿ ಗೌರಿಯ ಜಾಗ.

ಪುಷ್ಯ ಮಾಸದಲ್ಲಿ ರಜೆಯ ಅರ್ಜಿ ಬರೆಸಲು ಅವನು ಹೆಗಡೆಯವರ ಮೇಜಿನ ಮುಂದೆ ನಿಂತ.

"ಕಾರಣ ಎಂತ ಬರೀಲಿ? ಅತ್ತೆ ತೀರಿಕೊಂಡಳು ಅಂತ ಬರೆದುಬಿಡ್ತೇನೆ."

"ಇಪ್ಪತ್ತ್ ವರ್ಷದಾಗ ಒಂದ್ ಸಲ ಕೇಳಾಕ ಹತ್ತೀನ್ರಿ. ಸುಳ್ಳ ಯಾಕ? ಇದ್ದದ್ದ ಇದ್ದಂಗ ಬರೀರಿ."

ಇದ್ದದ್ದು ಇದ್ದ ಹಾಗೆಯೇ ಅರ್ಜಿ ಸಾಹೇಬರ ಕೈಸೇರಿತು. ಮೈಸೂರು ಕಡೆಯಿಂದ ಹೊಸದಾಗಿ ಬಂದ ಸಾಹೇಬರು ಒಳ್ಳೆಯವರು. ಓದಿ ಅವರ ಮುಖ ಅರಳಿತು.

"ಎಂಥಾ ಯೋಚನೆ ಕಣಯ್ಯ! ನನಗೆ ಹೊಳೆದೇ ಇರಲಿಲ್ಲ ನೋಡು. ನಮ್ಮನೆಯವರೂ ಮಕ್ಕಳೂ ಊರಿಂದ ಬಂದಿದಾರೆ, ಕುಮಟೆ ಕಡೆ ಕೆಲಸಾನೂ ಇದೆ. ಕ್ಯಾಂಪು ಅಲ್ಲೇ ಹಾಕೋಣ. ನಿನಗೆ ಬೇರೆ ರಜ ಯಾಕಯ್ಯ? ನಮ್ಮ ಜೊತೆ ಬಂದ್ರೆ ನಿನಗೂ ಸಮುದ್ರ ನೋಡಿದ ಹಾಗಾಯ್ತು."

ಕೆರಿಯಪ್ಪ "ಹೂಂರಿ ಸಾಹೇಬ್ರ," ಎಂದು ಹೊರಗೆ ಬಂದ.

ರಜೆ ಸಿಗಲಿಲ್ಲ, ಸಾಹೇಬರ ಕ್ಯಾಂಪು ಕುಮಟೆಗೆ ಎಂದಷ್ಟೇ ಮನೆಯಲ್ಲಿ ಹೇಳಿ, ತಾನು ಹೊಲಿದ ಎಂಟು ಚೀಲಗಳನ್ನೇ ಅವನು ಒಯ್ದ. ಕುಮಟೆಯ ದಂಡೆಯ ಮೇಲೆ ಕಚೇರಿಯ ದೊಡ್ಡ ಡೇರೆ ನಿಂತಿತು. ಅಷ್ಟು ಗಾಳಿಗೂ ಒಂದು ಹಗ್ಗ ಸಡಿಲಾಗಲಿಲ್ಲ. ಬಾಯಿಯನ್ನು ಸಮುದ್ರದ ಕಡೆಗೇ ಇಟ್ಟಿದ್ದ. ಬಾಗಿಲ ಬಳಿ ಸಾಹೇಬರ ಮಗಳು ಕುಳಿತು ಕಪ್ಪೆಚಿಪ್ಪು ಜೋಡಿಸುತ್ತಿದ್ದಳು. ಅವನು ಆ ಕಡೆ ನೋಡದೆ ಕೆಲಸ ಮಾಡಿದ.

ಮೂರನೆಯ ದಿನ ಸಾಹೇಬರ ಹೆಂಡತಿ ಅವನನ್ನು ಕರೆದರು. ಹೆಗಡೆಯವರೂ ಕಾಗದಗಳನ್ನು ಹಿಡಿದು ಅಲ್ಲಿಯೇ ನಿಂತಿದ್ದರು.

"ನಿನ್ನ ಹೆಂಡತಿ, ಮಗಳೂ ಬರಬೇಕು ಅಂತಿದ್ರಂತಲ್ಲಪ್ಪ, ಪಾಪ. ನಾಳೆ ಜೀಪು ಶಿರಸಿಗೆ ಹೋಗುತ್ತೆ, ಹತ್ತಿಕೊಂಡು ಬಂದುಬಿಡಲಿ. ಅಡುಗೆ ಡೇರೆ ಹಿಂದೆ ಮಲಗೋಕೆ ಜಾಗ ಇದೆ. ಒಂದಿಷ್ಟು ಪಾತ್ರೆ ತೊಳೆದು, ಬಟ್ಟೆ ಒಗೆದುಕೊಟ್ರೆ ನನಗೂ ಅನುಕೂಲ."

ಆ ತಾಯಿಯ ಮಾತಿನಲ್ಲಿ ಕೇಡೇನೂ ಇರಲಿಲ್ಲ. ಕೆರಿಯಪ್ಪನ ಕಣ್ಣ ಮುಂದೆ ಮಾತ್ರ ಗೌರಿ ಬಂದಳು. ಮದುಮಗಳಾಗುವ ಹುಡುಗಿ, ಸಮುದ್ರಕ್ಕೆ ಬೆನ್ನು ಹಾಕಿ ಕುಳಿತು, ಇನ್ನೊಬ್ಬರ ಎಂಜಲ ತಟ್ಟೆ ತಿಕ್ಕುತ್ತಿದ್ದಳು.

"ಮದುವಿ ಕೆಲಸ ಭಾಳ ಅದಾವ್ರಿ ಅಮ್ಮಾರ. ಅವರಿಗೆ ಬರಾಕ ಆಗೂದಿಲ್ಲ."

ಮರುದಿನ ಜೀಪು ಖಾಲಿ ಹೋಯಿತು, ಖಾಲಿ ಬಂತು.

ಕ್ಯಾಂಪು ಮುಗಿದು ಒಂದು ದಿನದ ಮಟ್ಟಿಗೆ ಊರಿಗೆ ಬಂದಾಗ ಗೌರಿ ಕೇಳಿದಳು. "ಹೆಂಗಿತ್ತಪ್ಪಾ ಸಮುದ್ರ?"

"ಬರೇ ಉಪ್ಪ ನೀರು. ನೋಡೂವಂಥಾದ್ದು ಏನೂ ಇಲ್ಲ. ಮುಂದಿನ ವರ್ಷ ಹೋಗೂಣಂತ."

"ಮುಂದಿನ ವರ್ಷ ನಾ ಎಲ್ಲಿರ್ತೀನಪ್ಪಾ?" ಎಂದು ಅವಳು ಒಳಗೆ ಹೋದಳು.

ಮದುವೆ ಚೆನ್ನಾಗಿ ಆಯಿತು. ಶಾಂತಾರಾಮ ಹೆಗಡೆಯವರು ಶಿರಸಿಯಿಂದ ಬಂದು ಹೆಣ್ಣುಗಂಡಿಗೆ ಅಕ್ಷತೆ ಹಾಕಿದರು. ಹೊರಡುವಾಗ ಸಿದ್ದವ್ವನ ಎದುರು ಅವಳ ಗಂಡನನ್ನು ಹೊಗಳಿದರು. "ನಿನ್ನ ಗಂಡ ಭಾರೀ ಮಾನವಂತ ಕಾಣಮ್ಮ. ಕುಮಟೆಯಲ್ಲಿ ಜೀಪು ಕಳಿಸ್ತೇವೆ ಅಂದರೂ, ಹೆಂಡತಿ ಮಗಳನ್ನ ಪಾತ್ರೆ ತೊಳೆಯಲಿಕ್ಕೆ ಕರೆಸಲಿಲ್ಲ ನೋಡು." ಸಿದ್ದವ್ವ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಅವರಿಗೆ ಎಲೆ ಅಡಿಕೆ ಕೊಟ್ಟಳು.

ಸಂಜೆ, ಗೌರಿಯನ್ನು ಕರೆದೊಯ್ದ ಗಾಡಿಗಳು ಹಾನಗಲ್ಲಿನ ದಾರಿ ಹಿಡಿದ ಮೇಲೆ, ಗಂಡಹೆಂಡಿರಿಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದರು.

"ಜೀಪು ಬರ್ತಿತ್ತಂತ," ಎಂದಳು ಸಿದ್ದವ್ವ.

"ಮುಸುರಿ ತಿಕ್ಕಾಕ ಕರದಿದ್ರು."

"ಇಲ್ಲಿ ನಾ ತಿಕ್ಕೂದು ಮುಸುರಿ ಅಲ್ಲೇನ್ರಿ?" ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ಹಗಲೆಲ್ಲ ತಿಕ್ಕಿದ್ರ ಸಂಜಿಕೆ ಉಸುಕಿನ ಮ್ಯಾಲ ಮೂರೂ ಮಂದಿ ಕುಂದರ್ತಿದ್ವಿ. ನೀವೂ ಅಲ್ಲೇ ಇರ್ತಿದ್ರಿ. ನಾ ಬೇಡಿದ್ದು ಡೇರೆ ಅಲ್ರಿ."

ಕೆರಿಯಪ್ಪ ಮಗಳ ಮಾನ ಉಳಿಸಿದೆನೆಂದು ಎರಡು ತಿಂಗಳು ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದ. ಗೌರಿಯನ್ನೇ ಒಂದು ಮಾತು ಕೇಳಬಹುದಿತ್ತು ಎಂಬುದು ಈಗ ಹೊಳೆಯಿತು. ಕೇಳುವುದಕ್ಕೆ ಅವಳು ಈಗ ಮನೆಯಲ್ಲಿರಲಿಲ್ಲ.

ಬೆಳಗಾದರೆ ಯಲ್ಲಾಪುರದ ಕಡೆ ಕ್ಯಾಂಪು. ಗಾಡಿ ಬಂದು ನಿಂತಿತು. ಸಿದ್ದವ್ವ ಬುತ್ತಿ ಕಟ್ಟಿಕೊಟ್ಟಳು. ಯಾವಾಗ ಬರುತ್ತೀರಿ ಎಂದು ಪ್ರತಿ ಸಲ ಕೇಳುವವಳು ಈ ಸಲ ಕೇಳಲಿಲ್ಲ.